ರೋಗದ ಹೆಸರು ತಿಳಿಯುವ ಮುನ್ನವೇ ಮುಲಾಮು

ಜ್ವರ ನಾಲ್ಕು ದಿನ ಬಿಡದಿದ್ದರೆ ವೈದ್ಯರಲ್ಲಿಗೆ ಧಾವಿಸುವ ನಾವು, ಚರ್ಮದ ಮೇಲೆ ನಾಲ್ಕು ತಿಂಗಳಿಂದ ಹಬ್ಬುತ್ತಿರುವ ಕಲೆಯನ್ನು ಬಟ್ಟೆಯ ಮರೆಯಲ್ಲಿ ಮುಚ್ಚಿಟ್ಟುಕೊಂಡು ಓಡಾಡುತ್ತೇವೆ. ತುರಿಕೆ ಅಸಹನೀಯವಾದಾಗ ಮೊದಲು ನೆನಪಾಗುವುದು ಬೀದಿ ತಿರುವಿನ ಔಷಧ ಅಂಗಡಿ. ‘ಹುಳುಕಡ್ಡಿಗೆ ಏನಾದರೂ ಕೊಡಿ’ ಎಂದರೆ ಸಾಕು, ಒಂದು ಟ್ಯೂಬು ಕೈಗೆ ಬರುತ್ತದೆ. ಎರಡೇ ದಿನಗಳಲ್ಲಿ ತುರಿಕೆ ಮಾಯವಾಗುತ್ತದೆ. ಬಳಸಿದವರು ಅದನ್ನು ನೆರೆಹೊರೆಯವರಿಗೂ ಶಿಫಾರಸು ಮಾಡುತ್ತಾರೆ. ನಿಜವಾದ ತೊಂದರೆ ಆರಂಭವಾಗುವುದು ಅಲ್ಲಿಂದಲೇ.

ಇಂತಹ ಅನೇಕ ಮುಲಾಮುಗಳಲ್ಲಿ ಇರುವುದು ಒಂದು ಔಷಧವಲ್ಲ, ಮೂರು-ನಾಲ್ಕು ಔಷಧಗಳ ಮಿಶ್ರಣ. ಶಿಲೀಂಧ್ರ ನಾಶಕದ ಜೊತೆಗೆ ಬ್ಯಾಕ್ಟೀರಿಯಾ ನಾಶಕ, ಅದರೊಂದಿಗೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್‌ನಂತಹ ಪ್ರಬಲ ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಟ್ಟ ಔಷಧವೇನಲ್ಲ. 1952ರಲ್ಲಿ ಹೈಡ್ರೊಕಾರ್ಟಿಸೋನ್ ಲೇಪನದ ಪ್ರಯೋಜನ ಸಿದ್ಧವಾದ ಮೇಲೆ ಚರ್ಮರೋಗ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಇಸುಬು, ಸೋರಿಯಾಸಿಸ್‌ಗಳಲ್ಲಿ ಇಂದಿಗೂ ಅದು ರೋಗಿಯ ಆಪ್ತಮಿತ್ರ. ಆದರೆ ಹುಳುಕಡ್ಡಿ ಹುಳುವಿನಿಂದ ಬರುವುದಲ್ಲ. ಅದು ಶಿಲೀಂಧ್ರದ ಸೋಂಕು. ಕೆಂಪು, ಊತ, ತುರಿಕೆಗಳು ಆ ಸೋಂಕಿನ ವಿರುದ್ಧ ದೇಹ ನಡೆಸುತ್ತಿರುವ ಹೋರಾಟದ ಕುರುಹುಗಳು. ಸ್ಟೀರಾಯ್ಡ್ ಆ ಹೋರಾಟವನ್ನೇ ಅಡಗಿಸುತ್ತದೆ. ರೋಗಿಗೆ ಹಾಯೆನಿಸುತ್ತದೆ, ಶಿಲೀಂಧ್ರ ನಿರಾತಂಕವಾಗಿ ಹರಡುತ್ತದೆ.

ಹುಳುಕಡ್ಡಿಯನ್ನು ಗುರುತಿಸಲು ನೆರವಾಗುವ ಉಂಗುರದ ಅಂಚು ಕೂಡ ಇದರಿಂದ ಅಳಿಸಿಹೋಗುತ್ತದೆ. ಹೀಗೆ ವೇಷ ಮರೆಸಿಕೊಂಡ ಸೋಂಕನ್ನು 1968ರಲ್ಲೇ ಬ್ರಿಟನ್ನಿನ ವೈದ್ಯರು ವರ್ಣಿಸಿ, ಅದಕ್ಕೆ ‘ಟೀನಿಯಾ ಇನ್‌ಕಾಗ್ನಿಟೊ’ ಎಂದು ಹೆಸರಿಟ್ಟಿದ್ದರು. ಮುಲಾಮು ನಿಲ್ಲಿಸಿದೊಡನೆ ರೋಗ ಮತ್ತೆ ಉಲ್ಬಣಿಸುತ್ತದೆ, ರೋಗಿ ಮತ್ತೆ ಅದೇ ಟ್ಯೂಬಿಗೆ ಮೊರೆಹೋಗುತ್ತಾನೆ. ತಿಂಗಳುಗಟ್ಟಲೆ ಹಚ್ಚಿದರೆ ತೊಡೆಸಂದಿಯ ಚರ್ಮ ತೆಳುವಾಗಿ ಬರೆಗಳು ಮೂಡುತ್ತವೆ. ಸೋಂಕು ವಾಸಿಯಾದರೂ ಆ ಬರೆಗಳು ಪೂರ್ತಿ ಮಾಸುವುದಿಲ್ಲ.

ಇದು ವ್ಯಕ್ತಿಯೊಬ್ಬರ ಸಂಕಟಕ್ಕೆ ಮುಗಿಯುವ ಮಾತೂ ಅಲ್ಲ. ಹಿಂದೆ ಕೆಲವೇ ವಾರಗಳಲ್ಲಿ ವಾಸಿಯಾಗುತ್ತಿದ್ದ ಹುಳುಕಡ್ಡಿ ಈಗ ಇಡೀ ಕುಟುಂಬಗಳನ್ನು ತಿಂಗಳುಗಟ್ಟಲೆ ಕಾಡುತ್ತಿದೆ. 2020ರಲ್ಲಿ ಜಪಾನಿನ ಸಂಶೋಧಕರು, ಅಲ್ಲಿ ನೆಲೆಸಿದ್ದ ಭಾರತ ಹಾಗೂ ನೇಪಾಳ ಮೂಲದ ರೋಗಿಗಳಲ್ಲಿ ಕಂಡ ಶಿಲೀಂಧ್ರಕ್ಕೆ ‘ಟ್ರೈಕೊಫೈಟಾನ್ ಇಂಡೊಟೀನಿಯೆ’ ಎಂದು ಹೆಸರಿಟ್ಟರು. ನಮ್ಮ ದೇಶದ ಹೆಸರನ್ನೇ ಹೊತ್ತ ಈ ಶಿಲೀಂಧ್ರ, ಬಹುಬಳಕೆಯ ಟರ್ಬಿನಾಫಿನ್ ಮಾತ್ರೆಗೆ ಅನೇಕ ವೇಳೆ ಬಗ್ಗುವುದಿಲ್ಲ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ನ್ಯೂಯಾರ್ಕ್‌ನಲ್ಲಿ ಕಂಡುಬಂದ ಎರಡು ಪ್ರಕರಣಗಳನ್ನು ವರದಿ ಮಾಡಿತು. ಸ್ಟೀರಾಯ್ಡ್ ಮಿಶ್ರಿತ ಮುಲಾಮುಗಳ ಮನಬಂದಂತಹ ಬಳಕೆಯೂ ಈ ಪಿಡುಗು ಹಬ್ಬಲು ಒಂದು ಕಾರಣವೆಂಬುದು ತಜ್ಞರ ಅಭಿಪ್ರಾಯ.

ಮುಖದ ವಿಷಯದಲ್ಲೂ ಇದೇ ಕಥೆ. ಬಂಗಿನ ಚಿಕಿತ್ಸೆಗೆಂದು 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಮೂರು ಔಷಧಗಳ ಒಂದು ಮಿಶ್ರಣವನ್ನು ಪ್ರಕಟಿಸಿದರು. ಅದರಲ್ಲೂ ಸ್ಟೀರಾಯ್ಡ್ ಇತ್ತು. ವೈದ್ಯರ ನಿಗಾದಲ್ಲಿ ಸೀಮಿತ ಅವಧಿಗೆ ಬಳಸಬೇಕಾದ ಅಂತಹ ಮಿಶ್ರಣಗಳು ನಮ್ಮಲ್ಲಿ ಬಿಳುಪಿನ ಕ್ರೀಮುಗಳಾಗಿಬಿಟ್ಟವು. ಫಲವಾಗಿ ಮೊಡವೆ, ಕೆಂಪೇರಿದ ಕೆನ್ನೆ, ಬೇಡದ ಕಡೆ ಕೂದಲು, ಬಿಸಿಲಿಗೆ ಮುಖವೊಡ್ಡಲಾಗದಂತಹ ಉರಿ.

ಸರ್ಕಾರ ಕೈಕಟ್ಟಿ ಕುಳಿತಿತ್ತೆನ್ನಲಾಗದು. 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ 14 ಸ್ಟೀರಾಯ್ಡ್ ಲೇಪನಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಷೇಧಿಸಿದ 328 ಔಷಧ ಮಿಶ್ರಣಗಳಲ್ಲಿ ಇಂತಹ ಮುಲಾಮುಗಳೂ ಇದ್ದವು. ಆದರೆ ಚೀಟಿ ಕೇಳದ ಅಂಗಡಿ, ಚೀಟಿ ತೋರದ ಗ್ರಾಹಕ ಇರುವವರೆಗೆ ಕಾನೂನು ಕಾಗದದಲ್ಲೇ ಉಳಿಯುತ್ತದೆ.

ಚರ್ಮದ ವಿಷಯದಲ್ಲಿ ಕಣ್ಣಂದಾಜು ಎಷ್ಟು ಅಪಾಯಕಾರಿ ಎಂಬುದಕ್ಕೆ ಬಿಳಿ ಮಚ್ಚೆಯೊಂದೇ ಸಾಕು. ಅದು ಸಾಮಾನ್ಯ ಶಿಲೀಂಧ್ರದಿಂದ ಬರುವ ಚಿಬ್ಬು ಇರಬಹುದು. ಯಾರಿಗೂ ಅಂಟದ, ಆದರೂ ಮದುವೆಗಳನ್ನು ಮುರಿಯುವ ತೊನ್ನು ಇರಬಹುದು. ಮಚ್ಚೆಯಿರುವಲ್ಲಿ ಸ್ಪರ್ಶಜ್ಞಾನ ಕುಂದಿದ್ದರೆ ಕುಷ್ಠರೋಗವೂ ಇರಬಹುದು. 2005ರ ಡಿಸೆಂಬರಿನಲ್ಲಿ ದೇಶ ಕುಷ್ಠ ನಿರ್ಮೂಲನದ ಗುರಿ ಮುಟ್ಟಿತೆಂದು ಘೋಷಣೆಯಾಯಿತು. ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಪ್ರಕರಣ ಎಂಬುದಷ್ಟೇ ಅದರ ಅರ್ಥ. ರೋಗ ಇನ್ನೂ ಇದೆ. ಬೇಗ ಗುರುತಿಸಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ದೊರೆಯುವ ಬಹು ಔಷಧ ಚಿಕಿತ್ಸೆಯಿಂದ ಅಂಗವೈಕಲ್ಯ ತಪ್ಪಿಸಬಹುದು. ಸರ್ಪಸುತ್ತಿನಲ್ಲಂತೂ ಗುಳ್ಳೆ ಕಂಡ 72 ಗಂಟೆಗಳೊಳಗೆ ವೈರಾಣು ನಿರೋಧಕ ಮಾತ್ರೆ ಆರಂಭಿಸುವುದು ಉತ್ತಮ. ಕೆಮ್ಮಣ್ಣು ಹಚ್ಚಿಸುತ್ತಾ ಕೂತರೆ ಆ ಅವಧಿ ಕೈತಪ್ಪುತ್ತದೆ. ಕಜ್ಜಿಗಾದರೋ ತುರಿಕೆಯಿಲ್ಲದವರೂ ಸೇರಿ ಮನೆಮಂದಿಯೆಲ್ಲ ಒಟ್ಟಿಗೇ ಚಿಕಿತ್ಸೆ ಪಡೆಯಬೇಕು.

ಹಾಗಾದರೆ ಸರಿಯಾದ ಚರ್ಮರೋಗ ತಜ್ಞರನ್ನು ಗುರುತಿಸುವುದು ಹೇಗೆ? ‘ಸ್ಕಿನ್ ಕ್ಲಿನಿಕ್’ ಎಂಬ ಹೊಳೆಯುವ ಫಲಕ ಅರ್ಹತೆಯ ಪ್ರಮಾಣಪತ್ರವಲ್ಲ. ಎಂಬಿಬಿಎಸ್ ನಂತರ ಚರ್ಮರೋಗ ವಿಭಾಗದಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪ್ಲೊಮಾ ಪಡೆದವರು ಈ ಕ್ಷೇತ್ರದ ತಜ್ಞರು. ವೈದ್ಯರು ತಮ್ಮ ನೋಂದಣಿ ಸಂಖ್ಯೆಯನ್ನು ಔಷಧ ಚೀಟಿಯಲ್ಲಿ ನಮೂದಿಸಬೇಕೆಂಬುದು ನಿಯಮ. ಅನುಮಾನವಿದ್ದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವಿಚಾರಿಸಬಹುದು. ಖಾಸಗಿ ವೆಚ್ಚ ಭರಿಸಲಾಗದವರಿಗೆ ಬೆಂಗಳೂರಿನ ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಇತರ ಊರಿನವರು ಸಮೀಪದ ವೈದ್ಯಕೀಯ ಕಾಲೇಜಿನ ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಡಿ ನೋಡುವ ಸರಳ ಪರೀಕ್ಷೆಯಿಂದ ಶಿಲೀಂಧ್ರವನ್ನು ಪತ್ತೆಹಚ್ಚಬಹುದು. ಅದು ದುಬಾರಿಯೂ ಅಲ್ಲ.

ವೈದ್ಯರಲ್ಲಿಗೆ ಹೋಗುವಾಗ ಅದುವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದವನ್ನೂ, ಸಂಕೋಚವಿಲ್ಲದೆ ಕೊಂಡೊಯ್ಯಿರಿ. ಮೂರು ಪ್ರಶ್ನೆಗಳನ್ನು ಕೇಳಿ: ನನ್ನ ರೋಗದ ಹೆಸರೇನು, ಈ ಔಷಧದಲ್ಲಿ ಸ್ಟೀರಾಯ್ಡ್ ಇದೆಯೇ, ಎಷ್ಟು ದಿನ ಬಳಸಬೇಕು? ಹುಳುಕಡ್ಡಿಗೆ ಕೊಟ್ಟ ಮಾತ್ರೆಯನ್ನು ತುರಿಕೆ ನಿಂತಿತೆಂದು ನಡುವೆ ಬಿಡಬೇಡಿ. ಬಹುಕಾಲದಿಂದ ಸ್ಟೀರಾಯ್ಡ್ ಹಚ್ಚುತ್ತಿರುವವರು ತಾವಾಗಿಯೇ ಅದನ್ನು ನಿಲ್ಲಿಸದೆ ತಜ್ಞರ ಸಲಹೆ ಪಡೆಯುವುದು ಲೇಸು.

ಮೊದಲು ನಿದಾನ, ಆಮೇಲೆ ಔಷಧ ಎಂಬುದು ವೈದ್ಯಶಾಸ್ತ್ರದ ಹಳೆಯ ಕ್ರಮ. ಅಂಗಡಿಯ ಟ್ಯೂಬು ಈ ಕ್ರಮವನ್ನು ತಲೆಕೆಳಗು ಮಾಡಿದೆ. ಅದನ್ನು ಸರಿಪಡಿಸುವ ಹೊಣೆ ಔಷಧ ನಿಯಂತ್ರಣ ಇಲಾಖೆ ಮತ್ತು ಅಂಗಡಿಕಾರರದ್ದೆಂಬುದು ನಿಜ. ಆದರೆ ಚೀಟಿಯಿಲ್ಲದೆ ಮುಲಾಮು ಕೇಳದಿರುವ ನಿರ್ಧಾರ ನಮ್ಮದು. ಅದಕ್ಕೆ ಯಾವ ಅಧಿಸೂಚನೆಗೂ ಕಾಯಬೇಕಿಲ್ಲ.