ಮಾತು ತಲುಪಲು ಏಳು ನಿಮಿಷ

ಸ್ಟ್ಯಾನ್ಲಿ ಕುಬ್ರಿಕ್ ನಿರ್ದೇಶಿಸಿದ '2001: ಎ ಸ್ಪೇಸ್ ಒಡಿಸ್ಸಿ' ಚಲನಚಿತ್ರ ತೆರೆಕಂಡದ್ದು 1968ರಲ್ಲಿ. ಮಾನವ ಚಂದ್ರನ ಮೇಲೆ ಕಾಲಿಡಲು ಆಗಿನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲವಿತ್ತು. ಕುಬ್ರಿಕ್ ಜೊತೆ ಚಿತ್ರಕಥೆ ಬರೆದವರು ಆರ್ಥರ್ ಸಿ. ಕ್ಲಾರ್ಕ್. ಅದರಲ್ಲಿನ ವಿಜ್ಞಾನ ಎಷ್ಟು ಸರಿ? ಲೆಕ್ಕ ಹಾಕಿ ನೋಡೋಣ.

ಗುರುಗ್ರಹದತ್ತ ಹೊರಟ 'ಡಿಸ್ಕವರಿ' ನೌಕೆಯ ಯಾತ್ರಿಗಳನ್ನು ಭೂಮಿಯಿಂದ ಸಂದರ್ಶಿಸುವ ದೃಶ್ಯವೊಂದು ಚಿತ್ರದಲ್ಲಿದೆ. ನೌಕೆ ಇರುವುದು 8 ಕೋಟಿ ಮೈಲಿ, ಅಂದರೆ ಸುಮಾರು 12.9 ಕೋಟಿ ಕಿ.ಮೀ. ದೂರದಲ್ಲಿ. ಮಾತು ಅಲ್ಲಿಗೆ ತಲುಪಲು ಏಳು ನಿಮಿಷ ಬೇಕು ಎನ್ನುತ್ತಾನೆ ನಿರೂಪಕ. ರೇಡಿಯೋ ಅಲೆಗಳ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಭಾಗಿಸಿದರೆ 430 ಸೆಕೆಂಡು ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ!

ಎಲ್ಲವೂ ಹೀಗೆ ಸರಿಯಾಗಿಲ್ಲ. ಚಂದ್ರನತ್ತ ಸಾಗುವ ನೌಕೆಯಲ್ಲಿ ಪ್ರಯಾಣಿಕನೊಬ್ಬ ಕೊಳವೆಯಿಂದ ದ್ರವಾಹಾರ ಹೀರುತ್ತಾನೆ. ಹೀರುವುದನ್ನು ನಿಲ್ಲಿಸಿದೊಡನೆ ಅದು ಕೆಳಕ್ಕೆ ಇಳಿಯುತ್ತದೆ. ತೂಕರಹಿತ ಸ್ಥಿತಿಯಲ್ಲಿ ದ್ರವವನ್ನು ಕೆಳಕ್ಕೆ ಎಳೆಯುವುದು ಯಾವುದು? ಇಲ್ಲಿ ಕಾಣುವುದು ಸ್ಟುಡಿಯೋದ ಗುರುತ್ವ.

ಆದರೆ ಸಂಕೇತದ ವಿಳಂಬ ನಿಜವಾದ ಸಮಸ್ಯೆ. ಗೊರಗುಂಟೆಪಾಳ್ಯದಿಂದ ತುಮಕೂರು ರಸ್ತೆಯಲ್ಲಿ ಸ್ವಲ್ಪ ಮುಂದಕ್ಕೆ ಹೋದರೆ ಪೀಣ್ಯ ಕೈಗಾರಿಕಾ ಪ್ರದೇಶ. ಅಲ್ಲಿರುವ ಇಸ್ರೋದ ಇಸ್ಟ್ರ್ಯಾಕ್ ಕೇಂದ್ರದ ವಿಜ್ಞಾನಿಗಳು 2014ರ ಸೆಪ್ಟೆಂಬರ್ 24ರ ಬೆಳಗ್ಗೆ ಈ ಸಮಸ್ಯೆಯನ್ನು ಎದುರಿಸಿದರು. ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಲು ಅದರ ಎಂಜಿನ್ ಸುಮಾರು 24 ನಿಮಿಷ ಉರಿಯಬೇಕಿತ್ತು. ನೌಕೆಯ ಸಂಕೇತ ಭೂಮಿಗೆ ಬರಲು 12 ನಿಮಿಷಕ್ಕೂ ಹೆಚ್ಚು; ಇಲ್ಲಿಂದ ಆದೇಶ ಹೋಗಲು ಮತ್ತೆ ಅಷ್ಟೇ. ಆರಂಭದಲ್ಲೇ ಎಡವಟ್ಟಾಗಿದ್ದರೂ, ತಿದ್ದುವ ಆದೇಶ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಸಾಲದ್ದಕ್ಕೆ, ಕೆಲಕಾಲ ಮಂಗಳವೇ ನೌಕೆಗೆ ಅಡ್ಡ ಬಂದಿತ್ತು.

ಆದ್ದರಿಂದ ಆದೇಶಗಳನ್ನೆಲ್ಲ ಕೆಲವು ದಿನ ಮೊದಲೇ ನೌಕೆಯ ಕಂಪ್ಯೂಟರಿಗೆ ತುಂಬಲಾಗಿತ್ತು. ಸುಮಾರು 300 ದಿನ ಸುಮ್ಮನಿದ್ದ ಎಂಜಿನನ್ನು ಎರಡು ದಿನ ಮುಂಚೆ 4 ಸೆಕೆಂಡು ಉರಿಸಿ ಪರೀಕ್ಷಿಸಲಾಗಿತ್ತು. ಮುಂದಿನ ಕೆಲಸವನ್ನು ನೌಕೆ ತಾನೇ ಮಾಡಿತು.

ಚಿತ್ರದ 'ಹ್ಯಾಲ್' ಎಂಬ ಕಂಪ್ಯೂಟರ್ ಕೂಡ ತಾನೇ ನಿರ್ಧರಿಸುತ್ತದೆ. ವ್ಯತ್ಯಾಸವೇನು? ಮಂಗಳಯಾನ ಪಾಲಿಸಿದ್ದು ಎಂಜಿನಿಯರುಗಳು ಮೊದಲೇ ಯೋಚಿಸಿ, ಪರೀಕ್ಷಿಸಿ ಕೊಟ್ಟ ನಿಯಮಗಳನ್ನು. ಹ್ಯಾಲ್ ಯಾತ್ರೆಯ ಉದ್ದೇಶಕ್ಕೆ ಯಾತ್ರಿಗಳೇ ಅಡ್ಡಿ ಎಂದು ತೀರ್ಮಾನಿಸಿ ಅವರನ್ನು ಕೊಲ್ಲುತ್ತದೆ. ದೂರ ಹೆಚ್ಚಿದಂತೆ ಯಂತ್ರಕ್ಕೆ ಹೆಚ್ಚು ಸ್ವಾತಂತ್ರ್ಯ ಕೊಡಲೇಬೇಕು. ಎಷ್ಟು ಕೊಡಬೇಕು ಎಂಬುದನ್ನು ಮಾತ್ರ ಹೊರಡುವ ಮುನ್ನ ಮನುಷ್ಯರೇ ನಿರ್ಧರಿಸಬೇಕು.

ಗುರುಗ್ರಹ ಭೂಮಿಗೆ ಅತಿ ಸಮೀಪ ಬಂದಾಗಲೂ ಸುಮಾರು 59 ಕೋಟಿ ಕಿ.ಮೀ. ದೂರವಿರುತ್ತದೆ. ಅಲ್ಲಿಂದ ಪ್ರಶ್ನೆ ಕಳುಹಿಸಿ ಉತ್ತರ ಪಡೆಯಲು ಎಷ್ಟು ಹೊತ್ತು ಬೇಕು? ನೀವೇ ಲೆಕ್ಕ ಹಾಕಿ.