ಗಾಜಿನ ಗೋಪುರವೂ ಮಣ್ಣಿನ ಮಾಳಿಗೆಯೂ

ಸಿಂದಗಿಯ ಹಿರಿಯ ಓದುಗರೊಬ್ಬರು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಲ್ಲಿ ಕಳೆದ ಬೇಸಗೆಯ ಕೆಲವು ವಾರಗಳನ್ನು ಕಳೆದು ಬಂದ ಮೇಲೆ, ಸಹಜವೂ ಅಷ್ಟೇ ಗಹನವೂ ಆದ ಪ್ರಶ್ನೆಯೊಂದನ್ನು ಬರೆದು ಕೇಳಿದ್ದಾರೆ. ಮಗನ ಮನೆಯಿರುವುದು ಗಾಜಿನ ಬಹುಮಹಡಿ ಕಟ್ಟಡವೊಂದರ ಮೇಲಂತಸ್ತಿನಲ್ಲಿ. ನೆಲದಿಂದ ಸೂರಿನವರೆಗೆ ಗಾಜು, ಪಡುವಣಕ್ಕೆ ಮುಖ. ಊರಿನ ಉರಿಬಿಸಿಲಿನಿಂದ ತಪ್ಪಿಸಿಕೊಂಡು ತಂಪಾದ ರಾಜಧಾನಿಗೆ ಹೋದವರಿಗೆ, ಮಧ್ಯಾಹ್ನ ಮೂರು ಗಂಟೆಯ ಅನಂತರ ಹವಾನಿಯಂತ್ರಣ ಯಂತ್ರವಿಲ್ಲದೆ ಆ ಕೋಣೆಯಲ್ಲಿ ಕೂರುವುದೇ ದುಸ್ತರವಾಯಿತಂತೆ. “ಬಿಸಲು ನಮ್ಮ ಊರಾಗ ಹೆಚ್ಚ, ಧಗಿ ಅಲ್ಲಿ ಮನಿಯೊಳಗ ಹೆಚ್ಚ, ಇದು ಹ್ಯಾಂಗ?” ಎಂಬುದು ಅವರ ಪ್ರಶ್ನೆ.

ಇದಕ್ಕೆ ಉತ್ತರವನ್ನು, ಉಕ್ಕಿನ ಕಟ್ಟಡಗಳಾಗಲಿ ಮಹಡಿಗೇರಿಸುವ ಲಿಫ್ಟಾಗಲಿ ಇಲ್ಲದಿದ್ದ ಕಾಲದಲ್ಲಿಯೇ, ಜಿನೀವಾ ನಗರದ ಪ್ರಕೃತಿವಿಜ್ಞಾನಿ ಹೊರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಎಂಬಾತನು ಒಂದು ಪೆಟ್ಟಿಗೆಯ ಮೂಲಕ ಕಂಡುಕೊಂಡಿದ್ದನು. ಗಾಜಿನ ಕಿಟಕಿಯ ಹಿಂದೆ ಕೋಣೆ ಬೆಚ್ಚಗಾಗುವುದನ್ನು ಎಲ್ಲರೂ ಬಲ್ಲರು, ಆದರೆ ಅದು ಎಷ್ಟರಮಟ್ಟಿಗೆ ಬೆಚ್ಚಗಾಗಬಲ್ಲುದೆಂಬುದನ್ನು ಯಾರೂ ಅಳೆದಿಲ್ಲವೆಂಬ ಕುತೂಹಲದಿಂದ ಆತನು 1767ರಲ್ಲಿ ಗಾಜಿನ ಪೆಟ್ಟಿಗೆಗಳನ್ನು ಒಂದರೊಳಗೊಂದಾಗಿ ಇರಿಸಿ ಬಿಸಿಲಿಗಿಟ್ಟನು. ಮುಂದೆ ಅದನ್ನೇ ಸುಧಾರಿಸಿ, ಕಪ್ಪು ಬೆಂಡನ್ನು ಒಳಗೆ ಹೊದಿಸಿದ ಮರದ ಪೆಟ್ಟಿಗೆಗೆ ಮೂರು ಪದರದ ಗಾಜಿನ ಮುಚ್ಚಳವನ್ನು ಹಾಕಿದಾಗ, ಒಳಗಿನ ತಾಪವು ನೀರಿನ ಕುದಿಬಿಂದುವನ್ನೂ ದಾಟಿತು. ಆತನ ಮುಂದಿನ ಹೆಜ್ಜೆಯೇ ನನಗೆ ಅತ್ಯಂತ ಮೆಚ್ಚುಗೆಯಾದುದು. ಅದೇ ಪೆಟ್ಟಿಗೆಯನ್ನು ಹೊತ್ತು ಆಲ್ಪ್ಸ್ ಶ್ರೇಣಿಯ ಪರ್ವತವೊಂದನ್ನು ಏರಿದ ಸೊಸ್ಯೂರನು, ಶಿಖರದ ಗಾಳಿಯು ಬಯಲಿನ ಗಾಳಿಗಿಂತ ಬಹಳ ತಂಪಾಗಿದ್ದರೂ ಪೆಟ್ಟಿಗೆಯೊಳಗಣ ತಾಪವು ಹೆಚ್ಚುಕಡಮೆ ಬಯಲಿನಲ್ಲಿದ್ದಷ್ಟೇ ಏರುವುದನ್ನು ಕಂಡನು. ಹೊರಗಿನ ಗಾಳಿ ಎಷ್ಟು ತಂಪೆಂಬುದು ಪೆಟ್ಟಿಗೆಗೆ ಗೌಣ. ಒಳಹೊಕ್ಕ ಬಿಸಿಲೆಷ್ಟು, ಹೊರಹೋಗಲಾರದೆ ಉಳಿದ ಶಾಖವೆಷ್ಟು ಎಂಬುದೇ ಮುಖ್ಯ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ವಿಜಯಪುರದ ಸೀಮೆಯನ್ನು ಬಿಟ್ಟು 900 ಮೀಟರಿಗೂ ಮಿಗಿಲಾದ ಎತ್ತರದ ಬೆಂಗಳೂರಿಗೆ ಹೋದ ನಮ್ಮ ಓದುಗರು, ತಿಳಿಯದೆಯೇ, ಸೊಸ್ಯೂರನ ಪೆಟ್ಟಿಗೆಯೊಳಗೆ ಕುಳಿತು ಆತನ ಪರ್ವತಾರೋಹಣದ ಪ್ರಯೋಗವನ್ನು ತಾವೇ ಅನುಭವಿಸಿ ಬಂದಿದ್ದಾರೆ.

ಗಾಜು ಹೀಗೇಕೆ ವರ್ತಿಸುತ್ತದೆ? ಸುಮಾರು 5,800 ಕೆಲ್ವಿನ್ ತಾಪದ ಸೂರ್ಯನಿಂದ ಬರುವ ಕಿರಣಗಳು ಬಹುಮಟ್ಟಿಗೆ ಹ್ರಸ್ವ ತರಂಗಗಳು. ಅವುಗಳಿಗೆ ಗಾಜು ಪಾರದರ್ಶಕ. ಆ ಕಿರಣಗಳು ನೆಲ, ಸೋಫಾ, ಹಾಸಿಗೆಗಳಲ್ಲಿ ಹೀರಲ್ಪಟ್ಟು, ಬಿಸಿಯಾದ ಆ ವಸ್ತುಗಳು ಮರಳಿ ಸೂಸುವ ಹತ್ತು ಮೈಕ್ರಾನ್ ಆಸುಪಾಸಿನ ದೀರ್ಘ ತರಂಗಗಳಿಗೋ ಅದೇ ಗಾಜು ಅಪಾರದರ್ಶಕ. ಶಾಲೆಯ ಪುಸ್ತಕಗಳು ಸಾಮಾನ್ಯವಾಗಿ ವಿವರಣೆಯನ್ನು ಇಲ್ಲಿಗೇ ನಿಲ್ಲಿಸುತ್ತವೆ. ಆದರೆ ಅಮೆರಿಕದ ಭೌತವಿಜ್ಞಾನಿ ಆರ್. ಡಬ್ಲ್ಯು. ವುಡ್ 1909ರಲ್ಲಿ, ಒಂದು ಪೆಟ್ಟಿಗೆಗೆ ಗಾಜನ್ನೂ ಇನ್ನೊಂದಕ್ಕೆ ದೀರ್ಘ ತರಂಗಗಳನ್ನು ಸರಾಗವಾಗಿ ಹೊರಬಿಡುವ ಕಲ್ಲುಪ್ಪಿನ ಹಲಗೆಯನ್ನೂ ಮುಚ್ಚಿ ಬಿಸಿಲಿನಲ್ಲಿಟ್ಟು, ಎರಡೂ ಹೆಚ್ಚುಕಡಮೆ ಸಮಾನವಾಗಿಯೇ ಕಾಯುವುದನ್ನು ತೋರಿಸಿದನು. ಅಂದರೆ, ಒಳಗಿನ ಬಿಸಿಗಾಳಿಯು ಮೇಲೆದ್ದು ಹೊರಹೋಗದಂತೆ ಮುಚ್ಚಳವು ತಡೆಯುವುದೇ ಕಾವಿನ ಪ್ರಧಾನ ಕಾರಣ. ಮನೆಗೆ ಅನ್ವಯಿಸಿದರೆ ಇದರಷ್ಟು ಉಪಯುಕ್ತವಾದ ಪ್ರಯೋಗ ಇನ್ನೊಂದಿಲ್ಲ. ಏಕೆಂದರೆ ಎತ್ತರದ ಕಟ್ಟಡಗಳಲ್ಲಿ ಗಾಳಿಯ ರಭಸಕ್ಕೂ ಮಕ್ಕಳ ಸುರಕ್ಷತೆಗೂ ಅಂಜಿ ಬಹುಪಾಲು ಗಾಜನ್ನು ತೆರೆಯದಂತೆ ಬಿಗಿದುಬಿಡುವುದರಿಂದ, ಬಿಸಿಲಿಗೆ ಪ್ರವೇಶವಿದ್ದು ಗಾಳಿಗೆ ನಿರ್ಗಮನವಿಲ್ಲದ ಸ್ಥಿತಿಯು ತಾನಾಗಿಯೇ ಒದಗುತ್ತದೆ.

ಪಶ್ಚಿಮದ ಮುಖವೇ ಏಕೆ ದುಸ್ಸಹವೆಂಬುದನ್ನು ಲೆಕ್ಕದಿಂದ ನೋಡೋಣ. ಏಪ್ರಿಲ್ ತಿಂಗಳ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ ನಡುಹಗಲ ಸೂರ್ಯನು ನೆತ್ತಿಯ ಮೇಲೆಯೇ ಇರುವುದರಿಂದ, ನೆಟ್ಟಗೆ ನಿಂತ ಗಾಜಿಗೆ ಆಗ ನೇರ ಬಿಸಿಲು ಅತ್ಯಲ್ಪ. ನಾಲ್ಕು ಗಂಟೆಯ ಹೊತ್ತಿಗೆ ಸೂರ್ಯನು ಕೆಳಗಿಳಿದಾಗಲಾದರೋ, ಪಡುವಣ ಗಾಜಿನ ಪ್ರತಿ ಚದರ ಮೀಟರಿನ ಮೇಲೆ ಸುಮಾರು 600 ವ್ಯಾಟ್ ಬಿಸಿಲು ಬೀಳುತ್ತದೆ. ಸಾಧಾರಣ ತಿಳಿಗಾಜು ಅದರ ಐದರಲ್ಲಿ ನಾಲ್ಕು ಪಾಲನ್ನು ಒಳಬಿಡುತ್ತದೆ. ಹತ್ತು ಚದರ ಮೀಟರ್ ಗಾಜಿದ್ದರೆ ಒಳಬರುವ ಶಾಖ 4,800 ವ್ಯಾಟ್. ಕೋಣೆಯ ನಡುವೆ ಐದು ಇಸ್ತ್ರಿಪೆಟ್ಟಿಗೆಗಳನ್ನು ಉರಿಸಿಟ್ಟಂತೆ. ಒಂದೂವರೆ ಟನ್ನಿನ ಹವಾನಿಯಂತ್ರಣ ಯಂತ್ರದ ಇಡೀ ಸಾಮರ್ಥ್ಯವು ಸುಮಾರು 5,300 ವ್ಯಾಟ್ ಆದುದರಿಂದ, ಅದು ತನ್ನ ಶಕ್ತಿಯ ಬಹುಪಾಲನ್ನು ಈ ಬಿಸಿಲನ್ನು ಹೊರದೂಡುವುದಕ್ಕೇ ವ್ಯಯಿಸುತ್ತದೆ. ಅಷ್ಟಾದರೂ ನೆಮ್ಮದಿಯಿಲ್ಲ: ಕಾದ ಗಾಜಿನ ಮೈಯಿಂದ ಹೊರಡುವ ಶಾಖವಿಕಿರಣವು ನೇರವಾಗಿ ನಮ್ಮ ಚರ್ಮವನ್ನು ತಾಗುವುದರಿಂದ, ಗಾಳಿಯ ತಾಪ 24 ಡಿಗ್ರಿಗೆ ಇಳಿದಿದ್ದರೂ ಕಿಟಕಿಯ ಬಳಿ ಕುಳಿತವನಿಗೆ ಸೆಕೆ ತಪ್ಪದು.

ಮಾರಾಟದ ಕರಪತ್ರಗಳಲ್ಲಿ ‘ಡಬಲ್ ಗ್ಲೇಜಿಂಗ್’ ಎಂಬ ಎರಡು ಪದರದ ಗಾಜನ್ನು ಸರ್ವರೋಗಕ್ಕೂ ಮದ್ದೆಂಬಂತೆ ವರ್ಣಿಸುವುದುಂಟು. ಈ ವರ್ಣನೆಯನ್ನು ನಾನು ನಂಬಲಾರೆ. ಹೊರಗೆ 35, ಒಳಗೆ 26 ಡಿಗ್ರಿ ಇರುವಾಗ ಅದೇ ಹತ್ತು ಚದರ ಮೀಟರಿನ ಒಂಟಿ ಗಾಜಿನ ಮೂಲಕ ಕೇವಲ ತಾಪದ ವ್ಯತ್ಯಾಸದಿಂದ ಹರಿಯುವ ಶಾಖ ಸುಮಾರು 500 ವ್ಯಾಟ್ ಮಾತ್ರ. ಎರಡು ಪದರವು ಈ 500ನ್ನು ಅರ್ಧಕ್ಕಿಳಿಸುತ್ತದೆ. ಬಿಸಿಲಿನ 4,800ರಲ್ಲಿ ತಗ್ಗಿಸುವುದು ಅಲ್ಪವೇ. ಹಿಮಬೀಳುವ ನಾಡಿನ ಔಷಧವದು, ನಮ್ಮ ರೋಗಕ್ಕೆ ತಕ್ಕುದಲ್ಲ. ಲೋಹದ ತೆಳುಲೇಪವುಳ್ಳ ಉತ್ತಮ ಗಾಜು ಬಿಸಿಲಿನ ಕಾಲುಭಾಗವನ್ನಷ್ಟೇ ಒಳಬಿಡಬಲ್ಲುದು, ಅದು ನಿಜವಾದ ಉಪಕಾರ. ಒಳಗಿನ ಪರದೆಯಿಂದ ಪ್ರಯೋಜನ ಕಡಮೆ. ಬಿಸಿಲು ಅದಾಗಲೇ ಗಾಜನ್ನು ದಾಟಿ ಬಂದಾಗಿದೆ.

ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕೆಂಬ ಈ ಪಾಠವನ್ನು ಆಧುನಿಕ ವಾಸ್ತುಶಿಲ್ಪದ ಆಚಾರ್ಯರೇ ಕಷ್ಟದಿಂದ ಕಲಿತರು. ಲ ಕಾರ್ಬೂಸಿಯೇ ಪ್ಯಾರಿಸ್ಸಿನಲ್ಲಿ ನಿರಾಶ್ರಿತರಿಗಾಗಿ ಸಾಲ್ವೇಶನ್ ಆರ್ಮಿಯ ವಸತಿಗೃಹವನ್ನು ಕಟ್ಟಿ 1933ರಲ್ಲಿ ಪೂರ್ಣಗೊಳಿಸಿದಾಗ, ದಕ್ಷಿಣದ ಇಡೀ ಮುಖವನ್ನು ತೆರೆಯಲಾಗದ ಗಾಜಿನಿಂದ ಮುಚ್ಚಿದ್ದನು. ಎರಡು ಗಾಜುಗಳ ನಡುವೆ ಹದಗೊಳಿಸಿದ ಗಾಳಿಯನ್ನು ಹರಿಸಬೇಕೆಂಬ ಆತನ ಯೋಜನೆಯು ಹಣದ ಅಭಾವದಿಂದ ಕೈಬಿಟ್ಟುಹೋಗಿ, ಒಂಟಿ ಗಾಜು ಮಾತ್ರ ಉಳಿಯಿತು. ಬೇಸಗೆ ಬಂದಾಗ ಒಳಗಿದ್ದವರ ಪಾಡು ಅಸಹನೀಯವಾಗಿ, ಶಿಲ್ಪಿಯ ಅಸಮ್ಮತಿಯಿದ್ದರೂ ಕಿಟಕಿಗಳನ್ನು ತೆರೆಯುವಂತೆ ಮಾಡಬೇಕಾಯಿತು. ಯುದ್ಧಕಾಲದ ಬಾಂಬಿಗೆ ಗಾಜು ಒಡೆದುಹೋದ ಮೇಲೆ, ಅದೇ ಮುಖಕ್ಕೆ ಕಾಂಕ್ರೀಟಿನ ಬಿಸಿಲುತಡೆಗಳನ್ನು ಜೋಡಿಸಲಾಯಿತು. ಚಂಡೀಗಢದಲ್ಲಿ ಆತನು ಕಟ್ಟಿದ ಉಚ್ಚ ನ್ಯಾಯಾಲಯ, ಸಚಿವಾಲಯಗಳ ಮುಂಭಾಗದ ಆಳವಾದ ಗೂಡುಗಳು ಈ ಅನುಭವದ ಫಲವೇ ಸರಿ. ಇತ್ತ ಷಿಕಾಗೋ ನಗರದಲ್ಲಿ ಮೀಸ್ ವಾನ್ ಡರ್ ರೋ 1951ರಲ್ಲಿ ಪೂರೈಸಿದ 26 ಅಂತಸ್ತುಗಳ ಜೋಡಿ ವಸತಿಗೋಪುರಗಳು ಲೋಕದ ಗಾಜಿನ ಗೋಪುರಗಳಿಗೆಲ್ಲ ಮಾದರಿಯಾದುವು; ಚಳಿಗಾಲದಲ್ಲಿ ಪಕ್ಕದ ಸರೋವರದ ಅಂಚೇ ಹೆಪ್ಪುಗಟ್ಟುವ ಆ ಊರಿನಲ್ಲಿ ಒಳಬಂದ ಬಿಸಿಲು ವರ್ಷದ ಕೆಲವು ತಿಂಗಳಾದರೂ ವರವಾಗಿತ್ತೆಂಬುದನ್ನು ಮಾದರಿಯನ್ನು ಅನುಕರಿಸಿದವರು ಮರೆತರು. ಲಂಡನ್ನಿನ ಬಾಗಿದ ಗಾಜಿನ ಗೋಪುರವೊಂದು 2013ರಲ್ಲಿ ಬೀದಿಯ ಮೇಲೆ ಬಿಸಿಲನ್ನು ಕೇಂದ್ರೀಕರಿಸಿ ನಿಂತ ಕಾರಿನ ಭಾಗಗಳನ್ನು ಕರಗಿಸಿದಾಗಲೂ, ಕೊನೆಗೆ ಮಾಡಿದ ಪರಿಹಾರವು ಹೊರಮೈಗೆ ಬಿಸಿಲುತಡೆಗಳನ್ನು ಕಟ್ಟುವುದೇ ಆಗಿತ್ತು. ಆದರೆ ವಿಜಯಪುರದ ಇಬ್ರಾಹಿಂ ರೋಜಾದ ಶಿಲ್ಪಿಗಳು ಹದಿನೇಳನೆಯ ಶತಮಾನದ ಆದಿಯಲ್ಲಿಯೇ ಮುಂಚಾಚಿದ ಕಲ್ಲಿನ ಛಜ್ಜವನ್ನೂ ಅಕ್ಷರಗಳನ್ನೇ ಕೊರೆದ ಜಾಲಂದ್ರಗಳನ್ನೂ ಇಟ್ಟು, ಬೆಳಕನ್ನು ಸೋಸಿ ಒಳಬಿಡುವುದನ್ನು ಬಲ್ಲವರಾಗಿದ್ದರು.

ಇನ್ನು ನಮ್ಮ ಓದುಗರ ಸ್ವಂತ ಮನೆಯ ವಿಚಾರ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಹಳ್ಳಿಗಳಲ್ಲಿ ಇಂದಿಗೂ ಉಳಿದಿರುವ ಮಾಳಿಗೆಮನೆಗಳ ಗೋಡೆಗಳು ಕಲ್ಲು ಮಣ್ಣಿನವು, ಅನೇಕ ಕಡೆ ಎರಡು ಅಡಿಗೂ ದಪ್ಪನಾದವು. ತೊಲೆ ಜಂತೆಗಳ ಮೇಲೆ ಸೊಪ್ಪು ಹಾಸಿ, ಮೇಲೆ ಮಣ್ಣು ಹೇರಿ, ಮಳೆನೀರು ಇಳಿಯದಂತೆ ಕರಲುಮಣ್ಣನ್ನು ಬಡಿದು ಮಾಡಿದ ಸಮತಲದ ಸೂರು. ಬೆಳಕಿಗೆ ಸೂರಿನಲ್ಲೊಂದು ಬೆಳಕಿಂಡಿ. ಇಂತಹ ಗೋಡೆಯ ಹೊರಮೈ ಹಗಲಿನಲ್ಲಿ ಕಾದಾಗ, ಆ ಕಾವು ಒಂದು ಅಲೆಯಾಗಿ ಮೆಲ್ಲಮೆಲ್ಲನೆ ಒಳಮುಖವಾಗಿ ಚಲಿಸುತ್ತದೆ. ಈ ಚಲನೆಯ ಗಣಿತವನ್ನು ಫ್ರಾನ್ಸಿನ ಜೋಸೆಫ್ ಫೂರಿಯರ್ 1822ರ ತನ್ನ ಮಹಾಗ್ರಂಥದಲ್ಲಿ ಪ್ರತಿಪಾದಿಸಿದನು; ಎರಡು ವರ್ಷಗಳ ಅನಂತರ ಭೂಮಿಯ ತಾಪವನ್ನು ಕುರಿತು ಬರೆಯುವಾಗ ಸೊಸ್ಯೂರನ ಪೆಟ್ಟಿಗೆಯನ್ನು ಉದಾಹರಿಸಿದವನೂ ಆತನೇ. ಮಣ್ಣಿನ ಗೋಡೆಯನ್ನೂ ಗಾಜಿನ ಪೆಟ್ಟಿಗೆಯನ್ನೂ ಒಬ್ಬನೇ ವಿಚಾರವಂತನು ತನ್ನ ಬುದ್ಧಿಯ ಬೆಳಕಿನಲ್ಲಿ ಅಕ್ಕಪಕ್ಕದಲ್ಲಿ ಕಂಡದ್ದು ನನಗೆ ಸದಾ ಆಶ್ಚರ್ಯದ ಸಂಗತಿ. ಫೂರಿಯರನ ಸೂತ್ರದಂತೆ ಗಣಿಸಿದರೆ, ಎರಡಡಿ ಗೋಡೆಯ ಹೊರಮೈಯಿಂದ ಒಳಮೈಗೆ ಕಾವಿನ ಅಲೆ ತಲಪಲು ಅರ್ಧ ದಿನಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ, ತಲಪುವಷ್ಟರಲ್ಲಿ ಅದರ ಏರಿಳಿತವು ನೂರರಲ್ಲಿ ಐದು ಪಾಲಿಗೂ ಕಡಮೆಯಾಗಿ ಕ್ಷೀಣಿಸಿರುತ್ತದೆ. ಮಧ್ಯಾಹ್ನದ ಉರಿಯ ಹೊತ್ತಿಗೆ ಒಳಗಿನವರನ್ನು ಮುಟ್ಟುವುದು ಕಳೆದ ರಾತ್ರಿಯ ತಂಪಿನ ಶೇಷ. ರಾತ್ರಿ ಜನರು ಮಾಳಿಗೆಯ ಮೇಲೆ ಮಲಗುವ ವಾಡಿಕೆಯು ಈ ವ್ಯವಸ್ಥೆಯ ಅವಿಭಾಜ್ಯ ಅಂಗ. ಗಾಜಿಗಾದರೋ ಆರು ಮಿಲಿಮೀಟರ್ ದಪ್ಪ. ಅದು ಯಾವ ಶಾಖವನ್ನೂ ತಡೆದು ನಿಲ್ಲಿಸಿಕೊಳ್ಳಲಾರದು.

ಹಾಗೆಂದು ಮಾಳಿಗೆಮನೆಯನ್ನು ಹದಿನೆಂಟು ಅಂತಸ್ತು ಎತ್ತರಕ್ಕೆ ಕಟ್ಟಲಾಗದು. ಅದರ ಕತ್ತಲೆಯನ್ನೂ, ಪ್ರತಿವರ್ಷ ಮಣ್ಣು ಹಾಕುವ ದುಡಿಮೆಯನ್ನೂ ನಾನು ಆದರ್ಶವೆನ್ನುವುದಿಲ್ಲ. ಮಗನ ಮನೆಯ ಬೆಳಕು, ದೂರದ ನೋಟ, ಮೇಲಂತಸ್ತಿನ ಧೂಳಿಲ್ಲದ ಗಾಳಿ ಇವು ಅಪೇಕ್ಷಣೀಯವಾದವುಗಳೇ. ಆದರೆ ಅವುಗಳ ಬೆಲೆಯನ್ನು ತೆರುವವರಾರೆಂಬುದನ್ನೂ ಹೇಳಬೇಕು. ಆ 4,800 ವ್ಯಾಟ್ ಶಾಖವನ್ನು ಹೊರದೂಡಲು ಯಂತ್ರಕ್ಕೆ ಒಂದೂವರೆ ಕಿಲೋವ್ಯಾಟಿನಷ್ಟು ವಿದ್ಯುತ್ತು ಬೇಕು. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ತಲಾ 800 ಮೆಗಾವ್ಯಾಟಿನ ಮೂರು ಘಟಕಗಳ ಉಷ್ಣಸ್ಥಾವರವು ದೂರದಿಂದ ರೈಲಿನಲ್ಲಿ ಬಂದ ಕಲ್ಲಿದ್ದಲನ್ನು ಸುಟ್ಟು, ಆಲಮಟ್ಟಿಯ ಹಿನ್ನೀರನ್ನು ಬಳಸಿ, ದಕ್ಷಿಣದ ರಾಜ್ಯಗಳ ಜಾಲಕ್ಕೆ ವಿದ್ಯುತ್ತನ್ನು ಹರಿಸುತ್ತಿದೆ. ಬೆಂಗಳೂರಿನ ಪಡುವಣ ಗಾಜುಗಳು ಕೇಳುವ ತಂಪಿಗಾಗಿ ಕೂಡಗಿಯಲ್ಲಿ ಬೂದಿ ರಾಶಿಯಾಗುತ್ತದೆಂಬುದು ಉತ್ಪ್ರೇಕ್ಷೆಯ ಮಾತಲ್ಲ.

ಕೇಂದ್ರ ವಿದ್ಯುತ್ ಸಚಿವಾಲಯವು 2018ರ ಡಿಸೆಂಬರಿನಲ್ಲಿ ಹೊರಡಿಸಿದ ‘ಇಕೋ ನಿವಾಸ್ ಸಂಹಿತಾ’ ಎಂಬ ವಸತಿ ಕಟ್ಟಡಗಳ ನಿಯಮಾವಳಿಯು, ಶೀತಪ್ರದೇಶಗಳನ್ನುಳಿದು ಬೇರೆಲ್ಲ ಕಡೆ, ಗೋಡೆ ಕಿಟಕಿಗಳ ಮೂಲಕ ಮನೆಯೊಳಗೆ ಬರುವ ಸರಾಸರಿ ಶಾಖವು ಹೊರಮೈಯ ಪ್ರತಿ ಚದರ ಮೀಟರಿಗೆ 15 ವ್ಯಾಟನ್ನು ಮೀರಕೂಡದೆಂದು ವಿಧಿಸಿತು. ಈ ಸಂಖ್ಯೆಗೆ ‘ಆರ್‌ಇಟಿವಿ’ ಎಂದು ಹೆಸರು. ಬೆಂಗಳೂರಿನಂತಹ ಸಮಶೀತೋಷ್ಣ ಊರುಗಳಲ್ಲಿ ತೆರೆಯಬಹುದಾದ ಕಿಟಕಿ ಬಾಗಿಲುಗಳು ನೆಲದ ವಿಸ್ತೀರ್ಣದ ಎಂಟನೆಯ ಒಂದು ಪಾಲಾದರೂ ಇರಬೇಕೆಂದೂ ಅದು ಹೇಳಿತು. ಮಕ್ಕಳಿಗಾಗಿ ರಾಜಧಾನಿಯಲ್ಲಿ ಮನೆ ಕೊಳ್ಳಲು ಹೊಲ ಮಾರಿಯೋ ಸಾಲ ಮಾಡಿಯೋ ಹಣ ಹೊಂದಿಸುತ್ತಿರುವ ನಮ್ಮ ಸೀಮೆಯ ತಂದೆತಾಯಿಗಳಲ್ಲಿ ನನ್ನ ಬಿನ್ನಹವಿಷ್ಟೇ: ಮುಂಗಡ ಕೊಡುವ ಮೊದಲು ಈ ಎರಡು ಸಂಖ್ಯೆಗಳನ್ನು ಕಟ್ಟುವವರಿಂದ ಬರಹದಲ್ಲಿ ಕೇಳಿ ಪಡೆಯಿರಿ, ಮಲಗುವ ಕೋಣೆಯ ಗಾಜು ಪಡುವಣಕ್ಕಿದ್ದು ಹೊರಗೆ ಯಾವ ತಡೆಯೂ ಇಲ್ಲದಿದ್ದರೆ ಆ ಮನೆಯನ್ನು ಬಿಟ್ಟು, ಅದೇ ಕಟ್ಟಡದ ಬಡಗಣ ಮುಖದ ಮನೆಯನ್ನು ನೋಡಿರಿ, ಮತ್ತು ಮನೆಯನ್ನು ನೋಡಲು ಹೋಗುವುದಾದರೆ ಬೆಳಗಿನ ತಂಪಿನಲ್ಲಿ ಹೋಗದೆ, ಏಪ್ರಿಲ್ ತಿಂಗಳ ಸಂಜೆ ನಾಲ್ಕು ಗಂಟೆಗೆ, ಹವಾನಿಯಂತ್ರಣ ಯಂತ್ರವನ್ನು ನಿಲ್ಲಿಸಿ, ಗಾಜಿನ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು ಬನ್ನಿರಿ.