ಪಾಲಲ್ಲ, ಪಾಳಿ

ನೆರೆಮನೆಯವರು ಜಗಳವಾಡುವುದಕ್ಕೆ ಹಿಂದೆ ಕಾರಣಗಳು ಹಲವಿದ್ದವು. ಒಬ್ಬರ ಕೋಳಿ ಇನ್ನೊಬ್ಬರ ಹಿತ್ತಿಲಿಗೆ ನುಗ್ಗುತ್ತಿತ್ತು. ಒಬ್ಬರ ಬಚ್ಚಲ ನೀರು ಇನ್ನೊಬ್ಬರ ಬಾಗಿಲಿಗೆ ಹರಿಯುತ್ತಿತ್ತು. ನುಗ್ಗೆಯ ಮರ ಈಚೆ ಬೇರೂರಿ ಆಚೆ ಕಾಯಿ ಬಿಡುತ್ತಿತ್ತು. ಈಗ ಇವೆಲ್ಲ ಹಿಂದೆ ಸರಿದು ಒಂದೇ ಕಾರಣ ಮುಂದೆ ಬಂದು ನಿಂತಿದೆ, ಅದು ಗಾಡಿ. ಓಡುವ ಗಾಡಿಯಿಂದ ನೆರೆಯವನಿಗೆ ಅಷ್ಟಾಗಿ ತೊಂದರೆಯಿಲ್ಲ. ತಾಪತ್ರಯವೆಲ್ಲ ನಿಂತ ಗಾಡಿಯಿಂದ.

ಈ ವ್ಯಾಜ್ಯದ ನಿಜಸ್ವರೂಪವನ್ನು ಅರಿಯಬೇಕಾದರೆ ಬೆಂಗಳೂರಿನ ಬಹುಮಹಡಿ ವಸತಿಗಳಿಗಿಂತ ಕೋಲಾರದ ಚಿನ್ನದ ಗಣಿಯ ಲೈನುಗಳನ್ನು ನೋಡುವುದು ಮೇಲು. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿ ಗಣಿಗಾರಿಕೆಯನ್ನು ನೆಲೆಗೊಳಿಸಿತು. 1894ರಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಗಣಿಯ ಉಚ್ಛ್ರಾಯದ ದಿನಗಳಲ್ಲಿ ಮೂವತ್ತು ಸಾವಿರಕ್ಕೂ ಮಿಕ್ಕಿದ ಜನ ಇಲ್ಲಿ ದುಡಿದರು. ಅಧಿಕಾರಿಗಳಿಗೆ ವಿಶಾಲವಾದ ಆವರಣದ ಬಂಗಲೆಗಳು. ಕಾರ್ಮಿಕರಿಗೆ ಗೋಡೆಗೆ ಗೋಡೆ ತಾಗಿದ ಪುಟ್ಟ ಮನೆಗಳ ಸಾಲುಗಳು. ಈ ಸಾಲುಗಳಿಗೇ ಲೈನು ಎಂಬ ಹೆಸರು. ಎರಡು ಸಾಲುಗಳ ನಡುವಣ ಓಣಿಯನ್ನು ಅಳೆದವರು ಕಾಲುನಡಿಗೆಯ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡೇ ಅಳೆದರು. ಮನೆಯಿಂದ ಹೊರಟವನು ನಡೆದು ಗಣಿಯ ಬಾಯಿಯನ್ನು ಮುಟ್ಟಬೇಕು, ಪಾಳಿ ಮುಗಿಸಿ ನಡೆದು ಹಿಂದಿರುಗಬೇಕು. ಅವನಿಗೆ ಗಾಡಿ ಏತಕ್ಕೆ?

ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಬಂದವು. 1962ರಲ್ಲಿ ಕೇಂದ್ರ ಸರ್ಕಾರದ ಕೈಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಸಂಸ್ಥೆಯಾಯಿತು. 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಮೂರು ಕಿಲೋಮೀಟರಿಗೂ ಆಳವಾಗಿದ್ದ ಗಣಿ ನೀರಿಗೆ ಬಿಟ್ಟುಹೋಯಿತು. ಅಂದಿನಿಂದ ಅನ್ನ ದೂರವಾಯಿತು. ಸಹಸ್ರಾರು ಜನ ನಸುಕಿನಲ್ಲೆದ್ದು, ರೈಲು ಹಿಡಿದು, ಬಂಗಾರಪೇಟೆಯ ಮಾರ್ಗವಾಗಿ ಬೆಂಗಳೂರಿಗೆ ಹೋಗಿ ದುಡಿದು ರಾತ್ರಿ ಮರಳುತ್ತಾರೆ. ನಿಲ್ದಾಣಕ್ಕೆ ಹೋಗಲು ಒಬ್ಬನಿಗೆ ಸ್ಕೂಟರು ಬೇಕು. ಇನ್ನೊಬ್ಬನಿಗೆ ಆಟೋರಿಕ್ಷಾವೇ ಜೀವನಾಧಾರ. ಹೀಗೆ ಗಣಿ ಮುಚ್ಚಿದ ಮೇಲೆ ಗಾಡಿಯೇ ಗಣಿಯಾಯಿತು. ಆದರೆ ಓಣಿ ಮಾತ್ರ ಅಗಲವಾಗಲಿಲ್ಲ. ಹತ್ತಿರದಲ್ಲೇ ಬೆಮೆಲ್ ಕಾರ್ಖಾನೆ ಗುಡ್ಡವನ್ನೇ ಸರಿಸಬಲ್ಲ ಬುಲ್ಡೋಜರುಗಳನ್ನು ತಯಾರಿಸುತ್ತದೆ. ಲೈನಿನಲ್ಲಿ ನೆರೆಯವನ ಸ್ಕೂಟರನ್ನು ಎರಡಡಿ ಸರಿಸುವುದು ಅದಕ್ಕಿಂತ ಪ್ರಯಾಸದ ಕೆಲಸ!

ಜಗಳ ಬೆಳೆಯುವ ಕ್ರಮ ಎಲ್ಲೆಡೆಯೂ ಒಂದೇ. ಮೊದಲ ದಿನ, "ಅಣ್ಣಾ, ಗಾಡಿ ಸ್ವಲ್ಪ ಆ ಕಡೆ ಸರಿಸ್ತೀರಾ?" ಎಂಬ ವಿನಯ. ಮರುವಾರ 'ಅಣ್ಣಾ' ಬಿಟ್ಟುಹೋಗಿ ಗಾಡಿ ಮಾತ್ರ ಉಳಿಯುತ್ತದೆ. ಆಮೇಲೆ ಮಾತೂ ನಿಂತು, ಮನೆಯ ಮುಂದೆ ಒಂದು ಕಲ್ಲೋ, ಒಡೆದ ಬಕೆಟ್ಟೋ, ಹಳೆಯ ಕುರ್ಚಿಯೋ ಬಂದು ಕೂಡುತ್ತದೆ. ಕೊನೆಗೆ ಕೇಳಿಬರುವ ಪ್ರಶ್ನೆ: "ಈ ಜಾಗ ಏನು ನಿಮ್ಮಪ್ಪಂದಾ?"

ಬೇರೆಡೆ ಇದು ಬರಿಯ ಬೈಗುಳ. ಲೈನುಗಳಲ್ಲಿ ಇದಕ್ಕೊಂದು ನೋವಿನ ಉತ್ತರವುಂಟು. ಜಾಗ ಅಪ್ಪನದಲ್ಲ. ಅಪ್ಪ ಭೂಮಿಯ ಹೊಟ್ಟೆಯೊಳಗೆ ದುಡಿದ. ಮನೆ ಮಾತ್ರ ಕಂಪನಿಯದು. ಗಣಿ ಮುಚ್ಚಿದ ಮೇಲೂ ಅಲ್ಲಿಯೇ ಉಳಿದ ಕುಟುಂಬಗಳು ತಮ್ಮ ಹೆಸರಿಗೆ ಹಕ್ಕು ಬೇಕೆಂದು ಬಹುಕಾಲ ಕೇಳುತ್ತ ಬಂದಿವೆ. ಮಲಗುವ ನೆಲಕ್ಕೇ ಕಾಗದದ ಆಧಾರ ಗಟ್ಟಿಯಿಲ್ಲದವನು ಬಾಗಿಲ ಮುಂದಿನ ಮೂರಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾನೆ. ಹೆಂಡತಿ ಪ್ರತಿದಿನ ನೀರು ಚಿಮುಕಿಸಿ ರಂಗೋಲಿಯಿಡುವ ನೆಲವದು. ಅದರ ಮೇಲೆ ಪರರ ಚಕ್ರ ನಿಂತರೆ ಅವನಿಗೆ ಸ್ಥಳ ಹೋಯಿತೆನ್ನುವುದಕ್ಕಿಂತ ಮಾನ ಹೋಯಿತೆನ್ನಿಸುತ್ತದೆ. ಇದನ್ನು ತಿಳಿಯದೆ ಇಂಥ ಜಗಳವನ್ನು ಕ್ಷುಲ್ಲಕವೆಂದು ನಗುವುದು ಸುಲಭ.

ಕಾನೂನು ಏನು ಹೇಳುತ್ತದೆ? ಸಾರ್ವಜನಿಕ ಸ್ಥಳದಲ್ಲಿ ಇತರರಿಗೆ ಅಡ್ಡಿಯಾಗುವಂತೆ ವಾಹನವನ್ನು ನಿಲ್ಲಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 122ನೆಯ ಕಲಮು ವಿಧಿಸುತ್ತದೆ. ಬಹುಮಹಡಿ ವಸತಿಗಳ ವಿಚಾರದಲ್ಲಿ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯಿದೆ ವಾಹನ ನಿಲ್ಲುವ ಸ್ಥಳವನ್ನು ಎಲ್ಲರಿಗೂ ಸೇರಿದ ಭಾಗಗಳ ಸಾಲಿಗೆ ಸೇರಿಸಿದೆ. ಮುಂಬಯಿಯ ಮೊಕದ್ದಮೆಯೊಂದರಲ್ಲಿ 2010ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯ, ಕಟ್ಟಡದ ಕಂಬಗಳ ನಡುವಣ ನಿಲುಗಡೆ ಸ್ಥಳವನ್ನು ಕಟ್ಟಿದವನು ಪ್ರತ್ಯೇಕವಾಗಿ ಮಾರುವಂತಿಲ್ಲವೆಂದಿತು. ತೆರೆದ ನಿಲುಗಡೆ ಸ್ಥಳ ಸರ್ವರಿಗೂ ಸೇರಿದ್ದೆಂದು 2016ರ ರೇರಾ ಕಾಯಿದೆಯೂ ಸಾರಿತು. ಜಪಾನಿನವರಂತೂ, ವಾಹನವಿಡಲು ಬೀದಿಯ ಹೊರಗೆ ಸ್ಥಳವುಂಟೆಂದು ಮೊದಲು ರುಜುವಾತುಪಡಿಸಿದ ಮೇಲೆಯೇ ಸಾಮಾನ್ಯವಾಗಿ ಕಾರನ್ನು ನೋಂದಾಯಿಸಿಕೊಡುವ ಪದ್ಧತಿಯನ್ನು 1962ರ ಕಾನೂನಿನಿಂದ ತಂದುಕೊಂಡರು.

ಇವೆಲ್ಲ ಒಳ್ಳೆಯ ಕಟ್ಟಳೆಗಳೇ. ಆದರೆ ಜಪಾನಿನ ನಿಯಮವನ್ನು ಲೈನಿಗೆ ತಂದರೆ ಗಾಡಿಯೊಡನೆ ಅನ್ನವೂ ಹೋದೀತು. ಇತರ ಕಾಯಿದೆಗಳು ಓಣಿ ಯಾರೊಬ್ಬನದೂ ಅಲ್ಲವೆಂದು ಹೇಳಿ ಸುಮ್ಮನಾಗುತ್ತವೆ. ಯಾರೊಬ್ಬನದೂ ಅಲ್ಲದ ಸ್ಥಳದಲ್ಲಿ ಎಲ್ಲರೂ ಹೇಗೆ ಬಾಳಬೇಕೆಂಬುದನ್ನು ನೆರೆಹೊರೆಯವರೇ ಕಂಡುಕೊಳ್ಳಬೇಕು. ಕಂಡುಕೊಳ್ಳದಿದ್ದರೆ ಆಗುವ ಹಾನಿ ಬರಿಯ ಮನಸ್ತಾಪವಲ್ಲ. ಕಲ್ಲಿನ ಧೂಳು ಕುಡಿದು ಶ್ವಾಸಕೋಶ ಸವೆಸಿಕೊಂಡ ವೃದ್ಧರು ಗಣಿಯ ಊರಿಗೆ ಅಪರಿಚಿತರಲ್ಲ. ಅಂಥವರೊಬ್ಬರಿಗೆ ನಡುರಾತ್ರಿ ಉಸಿರು ಕಟ್ಟಿದಾಗ ಆಂಬುಲೆನ್ಸು ಓಣಿಯ ತುದಿಯಲ್ಲೇ ನಿಂತರೆ, ಅಡ್ಡವಾದ ಗಾಡಿ ಯಾರದೆಂದು ಬಾಗಿಲು ಬಾಗಿಲು ತಟ್ಟುತ್ತ ಹೋಗುವಷ್ಟು ಕಾಲ ಇರುವುದಿಲ್ಲ.

ಪರಿಹಾರಕ್ಕೆ ದೂರ ಹೋಗಬೇಕಾಗಿಲ್ಲ. ಬೀದಿಯ ನಲ್ಲಿಯನ್ನು ನೆನೆಯಿರಿ. ನಲ್ಲಿಯ ಮುಂದೆ ಕೊಡಗಳ ಸಾಲು. ಕೊಡದ ಒಡತಿ ಒಳಗೆ ಒಲೆಯ ಮುಂದಿದ್ದರೂ ಅವಳ ಸರದಿಯನ್ನು ಆ ಕೊಡ ಕಾಯುತ್ತದೆ. ಅಲ್ಲಿಯೂ ಜಗಳಗಳಾಗುತ್ತವೆ, ನಿಜ. ಆದರೆ ನಲ್ಲಿಯೇ ನನ್ನದೆಂದು ಯಾರೂ ವಾದಿಸುವುದಿಲ್ಲ. ಈಗ ಸರದಿ ನನ್ನದೆಂದಷ್ಟೇ ವಾದ. ಗಣಿಯಂತೂ ಹಗಲಿರುಳು ನಡೆದದ್ದೇ ಪಾಳಿಯ ಮೇಲೆ. ಒಬ್ಬ ಮೇಲೆ ಬಂದಾಗ ಇನ್ನೊಬ್ಬ ಕೆಳಗಿಳಿಯುತ್ತಿದ್ದ. ಸುರಂಗವನ್ನು ಯಾರೂ ಪಾಲು ಮಾಡಿಕೊಳ್ಳಲಿಲ್ಲ. ಇಂದಿಗೂ ಲೈನಿನ ಗಾಡಿಗಳು ಏಕಕಾಲದಲ್ಲಿ ನಿಲ್ಲುವುದಿಲ್ಲ. ನಸುಕಿನ ರೈಲಿಗೆ ಹೋದವನ ಸ್ಥಳ ಹಗಲೆಲ್ಲ ಬರಿದು. ಆಟೋ ಓಡಿಸುವವನು ರಾತ್ರಿ ಹೊರಗಿದ್ದರೆ ಅವನ ಸ್ಥಳ ರಾತ್ರಿ ಬರಿದು. ಓಣಿಯ ಬಾಯಿಯನ್ನು ಸದಾ ತೆರವಾಗಿರಿಸಿ, ರಂಗೋಲಿಯ ಹೊಸ್ತಿಲನ್ನು ಬಿಟ್ಟುಕೊಟ್ಟು, ಉಳಿದ ನೆಲವನ್ನು ಹೊತ್ತಿನ ಲೆಕ್ಕದಲ್ಲಿ ಹಂಚಿಕೊಂಡರೆ ಇಕ್ಕಟ್ಟು ಪೂರಾ ನೀಗದಿದ್ದರೂ ಕಹಿ ನೀಗೀತು. ಬಹುಮಹಡಿ ವಸತಿಗಳವರೂ ಈ ಲೆಕ್ಕವನ್ನು ಕಲಿಯಬಹುದು.

ಪಾಲು ಕೇಳುವವನಿಗೆ ನೆರೆಯವನು ಪ್ರತಿವಾದಿ; ಪಾಳಿ ಕೇಳುವವನಿಗೆ ಜೊತೆಗಾರ. ಚಿನ್ನ ಹೋದ ಊರಿನಲ್ಲಿ ಪಾಳಿಯ ಅಭ್ಯಾಸವಾದರೂ ಉಳಿದಿದ್ದರೆ, ಇಕ್ಕಟ್ಟಾದ ಓಣಿಯಲ್ಲಿಯೂ ಇಬ್ಬರು ಒಬ್ಬರನ್ನೊಬ್ಬರು 'ಅಣ್ಣಾ' ಎಂದು ಕರೆಯುವಷ್ಟು ಸ್ಥಳ ಮಿಕ್ಕೀತು.